ಕಟಾವಾದ ತೋಪು: ಮಣ್ಣಿನ ವರದಿ ಚೆನ್ನಾಗಿದೆ, ಹುಲ್ಲು ಮಾತ್ರ ಹುಟ್ಟುತ್ತಿಲ್ಲ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ನಿವೃತ್ತ ಶಿಕ್ಷಕ, ನಮ್ಮೂರಿನ ಗ್ರಾಮ ಅರಣ್ಯ ಸಮಿತಿಯ ಸದಸ್ಯ. ಗುಡ್ಡದ ಬುಡದಲ್ಲಿ ಸಮಿತಿಯ ಉಸ್ತುವಾರಿಯಲ್ಲಿರುವ ಸುಮಾರು 30 ಎಕರೆ ನೀಲಗಿರಿ ನೆಡುತೋಪಿದೆ. ಮಸಾರಿ ನೆಲ, ಅಂದರೆ ಕೆಂಪು ಮಣ್ಣು; ಒಂದೆರಡು ಅಡಿ ಕೆಳಗೆ ಗರಸು, ಅಂದರೆ ಹರಳುಗಲ್ಲಿನ ಪದರ. ಕಳೆದ ವರ್ಷ ಮಳೆಗಾಲದ ನಡುವೆಯೇ ಕಟಾವು ನಡೆಯಿತು. ಟ್ರ್ಯಾಕ್ಟರ್, ಲಾರಿಗಳು ತೋಪಿನ ಒಳಗೆಲ್ಲ ಓಡಾಡಿದವು. ಒಂದು ಮೂಲೆಯಲ್ಲಿ ಸೊಪ್ಪು ಸದೆಗೆ ಬೆಂಕಿ ಹಚ್ಚಿದರು. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದೆವು. ಸಾವಯವ ಇಂಗಾಲ ಶೇ 0.62, ರಸಸಾರ (pH) 7.1, ಸಾರಜನಕ ಮಧ್ಯಮ ಎಂದು ಬಂತು. ವರದಿಯಲ್ಲಿ ದೋಷವೇ ಕಾಣುವುದಿಲ್ಲ. ಆದರೆ ಮಳೆ ಬಂದರೆ ನೀರು ಇಂಗದೆ ಕೆಂಪಗೆ ಹರಿದು ಹಳ್ಳ ಸೇರುತ್ತದೆ, ಗಾಡಿ ಓಡಿದ ಕಡೆ ಹುಲ್ಲೂ ಹುಟ್ಟಿಲ್ಲ. ಮಣ್ಣು ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ತಿಳಿಯಲು ನಾವು ಏನನ್ನು, ಎಷ್ಟು ವರ್ಷ ನೋಡುತ್ತಿರಬೇಕು? ದೊಡ್ಡ ಉಪಕರಣಗಳು ನಮ್ಮಲ್ಲಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ಕುರಿಗಾರರು ತೋಪಿನಲ್ಲಿ ಹಿಂಡು ಬಿಡಲು ಕೇಳುತ್ತಿದ್ದಾರೆ, ಬಿಡಬಹುದೇ?

ಉತ್ತರ: ಮಾಸ್ತರೇ, ನಿಮ್ಮ ವರದಿ ಸುಳ್ಳು ಹೇಳುತ್ತಿಲ್ಲ. ನೀವು ಕೇಳಿದ್ದು ಒಂದು, ಅದು ಉತ್ತರ ಕೊಟ್ಟದ್ದು ಇನ್ನೊಂದಕ್ಕೆ, ಅಷ್ಟೆ. 2015ರಿಂದ ನಡೆದು ಬಂದಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ. ಜೋಳಕ್ಕೋ ಶೇಂಗಾಕ್ಕೋ ಎಷ್ಟು ಗೊಬ್ಬರ ಹಾಕಬೇಕು ಎಂದು ಹೇಳಲು ಮಾಡಿದ ಪಟ್ಟಿ ಅದು. ಮಣ್ಣು ಎಷ್ಟು ಗಟ್ಟಿಯಾಗಿದೆ, ನೀರು ಎಷ್ಟು ಹೊತ್ತಿನಲ್ಲಿ ಇಂಗುತ್ತದೆ, ಮೇಲ್ಪದರ ಎಷ್ಟು ಕೊಚ್ಚಿಹೋಯಿತು ಎಂಬ ಒಂದು ಸಾಲೂ ಅದರಲ್ಲಿಲ್ಲ. ಮರ ಕಡಿದು ಸಾಗಿಸುವಾಗ ಮೊದಲು ಪೆಟ್ಟು ಬೀಳುವುದು ಇವುಗಳಿಗೇ. ಚೆನ್ನಾಗಿರುವ ಮಣ್ಣಿನಲ್ಲಿ ಹೆಚ್ಚೂಕಡಿಮೆ ಅರ್ಧ ಭಾಗ ಖಾಲಿ ಜಾಗ. ಗಾಳಿ, ನೀರು, ಬೇರು ಓಡಾಡುವುದು ಆ ಖಾಲಿಯಲ್ಲಿ. ಹತ್ತು ಟನ್ನಿನ ಗಾಡಿ ಹಿಂಡುವುದು ಅದನ್ನೇ. ಸಾರಜನಕ ಇದ್ದಲ್ಲೇ ಇರುತ್ತದೆ, ಅದರ ಹತ್ತಿರ ಹೋಗಲು ಬೇರಿಗೆ ದಾರಿ ಇರುವುದಿಲ್ಲ.

ವರದಿ ಚೆನ್ನಾಗಿ ಬಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕಟಾವಾದ ಹೊಸತರಲ್ಲಿ ಉದುರಿದ ಎಲೆ, ಸತ್ತ ಸಣ್ಣ ಬೇರುಗಳು ಬಿಸಿಲು ತೇವಕ್ಕೆ ಬೇಗ ಕೊಳೆತು ಸಾರಜನಕ ಬಿಡುಗಡೆ ಮಾಡುತ್ತವೆ, ಹೀರಿಕೊಳ್ಳಲು ಮರಗಳಿರುವುದಿಲ್ಲ. ಮದುವೆ ಮನೆಯಲ್ಲಿ ಉಣ್ಣುವವರು ಎದ್ದು ಹೋದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನ ನೋಡಿ ಮನೆ ಬಲು ಸಮೃದ್ಧ ಎಂದುಕೊಂಡ ಹಾಗೆ. ಆ ಸಾರಜನಕದಲ್ಲಿ ಒಂದು ಪಾಲು ಮುಂದಿನ ಮಳೆಗೆ ಕೆಳಗಿಳಿದು, ಇಲ್ಲವೇ ಹರಿದು ಹೋಗುತ್ತದೆ. ಕಟಾವಾದ ಮೊದಲ ವರ್ಷದ ಒಂದು ವರದಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು, ಗಾಬರಿಯನ್ನೂ ಪಡಬಾರದು.

ಮೂರನೆಯ ಕಾರಣ ನಾನೇ ಮಾಡಿದ ತಪ್ಪಿನಿಂದ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಡೂರಿನ ಗುಡ್ಡಗಳ ಕೆಳಗಿನ ಒಂದು ಹಳೆಯ ತೋಪಿನಲ್ಲಿ ಮಾದರಿ ತೆಗೆಯಲು ಹೋಗಿದ್ದೆ. ಪುಸ್ತಕದಲ್ಲಿ ಬರೆದಂತೆ ಅಂಕುಡೊಂಕಾಗಿ ನಡೆದು, ಹದಿನೈದು ಕಡೆ ಅಗೆದು, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಕಲಸಿ, ಅರ್ಧ ಕಿಲೋ ಚೀಲಕ್ಕೆ ತುಂಬಿದೆ. ಅಲ್ಲಿನ ಮುದುಕ ಕಾವಲುಗಾರ ಬೀಡಿ ಸೇದುತ್ತ ಎಲ್ಲವನ್ನೂ ನೋಡಿ ಕೊನೆಗೆ ಒಂದು ಮಾತು ಹೇಳಿದ: "ಸಾಹೇಬರೇ, ಸಲಿಕೆ ಇಳಿದ ಕಡೆಯೆಲ್ಲ ಅಗೆದಿರಿ, ಇಳಿಯದ ಕಡೆ ಬಿಟ್ಟು ಮುಂದೆ ಹೋದಿರಿ." ನಿಜವೇ. ಗಾಡಿ ಜಾಡು ಬಂದಲ್ಲಿ ಸಲಿಕೆ ಠಣ್ ಎಂದಿತ್ತು, ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದೆ. ಕಾಯಿಲೆ ಇದ್ದ ಜಾಗ ಬಿಟ್ಟು ಉಳಿದ ಮೈಯನ್ನೆಲ್ಲ ಪರೀಕ್ಷೆ ಮಾಡಿಸಿದಂತಾಗಿತ್ತು. ನಿಮ್ಮ ಚೀಲದ ಮಣ್ಣನ್ನು ಯಾರು, ಎಲ್ಲಿ ಅಗೆದರು ಎಂದು ಒಮ್ಮೆ ಕೇಳಿ ನೋಡಿ.

ಆದ್ದರಿಂದ ಪ್ರಯೋಗಾಲಯಕ್ಕೆ ಹೋಗುವ ಮೊದಲು ತೋಪನ್ನು ವಿಂಗಡಿಸಿ. ಗಾಡಿ ಓಡಿದ ಜಾಡು, ದಿಮ್ಮಿ ಪೇರಿಸಿದ ಜಾಗ, ಬೆಂಕಿ ಹಾಕಿದ ಜಾಗ, ಗಾಡಿ ಕಾಲಿಡದ ನೆಲ: ಇವು ನಾಲ್ಕೂ ಈಗ ಬೇರೆ ಬೇರೆ ಮಣ್ಣುಗಳು. ಯಾವುದು ಎಷ್ಟಿದೆ ಎಂದು ತಿಳಿಯಲು ಡ್ರೋನ್ ಬೇಡ, ಕಾಲುಗಳು ಸಾಕು. ತೋಪಿನ ಒಂದು ಅಂಚಿನಿಂದ ಎದುರಿನ ಅಂಚಿಗೆ ಹಗ್ಗ ಹಿಡಿದಂತೆ ನೇರವಾಗಿ ನಡೆಯಿರಿ. ಜಾಡಿನ ಗುಂಟ ಹೋಗದೆ ಅದಕ್ಕೆ ಅಡ್ಡಲಾಗಿ ಹೋಗಬೇಕು. ಎರಡು ಹೆಜ್ಜೆಗೊಮ್ಮೆ ನಿಂತು ಬೂಟಿನ ತುದಿಯಲ್ಲಿ ಏನಿದೆ ಎಂದು ಬರೆದುಕೊಳ್ಳಿ: ಜಾಡಿಗೆ ಜಾ, ದಿಮ್ಮಿ ಜಾಗಕ್ಕೆ ದಿ, ಬೆಂಕಿಗೆ ಬೆಂ, ಗಾಡಿ ಕಾಲಿಡದ ಸ್ವಚ್ಛ ನೆಲಕ್ಕೆ ಸ್ವ. ಇಂಥ ಐದಾರು ಸಾಲು ನಡೆದರೆ ನೂರಾರು ಗುರುತುಗಳಾಗುತ್ತವೆ. ನೂರರಲ್ಲಿ 22 "ಜಾ" ಇದ್ದರೆ ತೋಪಿನ ಶೇ 22ರಷ್ಟು ನೆಲದ ಮೇಲೆ ಗಾಡಿ ಹತ್ತಿದೆ ಎಂದರ್ಥ. ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರೆ ಒಂದು ಬೆಳಗಿನ ಕೆಲಸ.

ಈ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು? ಅಮೆರಿಕದ ಅರಣ್ಯ ಸೇವೆ ಬಹುಕಾಲದಿಂದ ಒಂದು ಅಳತೆಗೋಲು ಇಟ್ಟುಕೊಂಡಿದೆ: ಕಟಾವಾದ ಪ್ರದೇಶದಲ್ಲಿ ಶೇ 15ಕ್ಕಿಂತ ಹೆಚ್ಚು ನೆಲ ಕೆಟ್ಟಿರಬಾರದು, ಮಣ್ಣಿನ ಸಾಂದ್ರತೆ ಮೊದಲಿಗಿಂತ ಶೇ 15ರಷ್ಟು ಏರಿದ ಜಾಗವನ್ನು "ಕೆಟ್ಟದ್ದು" ಎಂದು ಎಣಿಸಬೇಕು. ಅಲ್ಲಿನ ಕಾಡುಗಳಿಗೆ ಮಾಡಿದ ಅಂದಾಜು ಅದು, ಯಲಬುರ್ಗಾದ ಮಸಾರಿಗೆ ವೇದವಾಕ್ಯವಲ್ಲ. ಆದರೂ ಕೈಯಲ್ಲಿ ಏನೂ ಇಲ್ಲದವನಿಗೆ ಒಂದು ಕೋಲು ಇದ್ದರೆ ಒಳ್ಳೆಯದು. ನಮ್ಮ ದೇಶದಲ್ಲೂ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆ ಸುಸ್ಥಿರ ಅರಣ್ಯ ನಿರ್ವಹಣೆಗೆಂದು 8 ಮಾನದಂಡ, 43 ಸೂಚಕಗಳ ಪಟ್ಟಿ ಮಾಡಿದೆ, ಮಣ್ಣು ಮತ್ತು ನೀರಿನ ಸಂರಕ್ಷಣೆ ಅದರಲ್ಲಿ ಒಂದು. ಪಟ್ಟಿ ಒಳ್ಳೆಯದೇ, ಸಲಿಕೆ ಹಿಡಿದು ತೋಪಿಗೆ ಹೋಗುವವರು ಮಾತ್ರ ಕಡಿಮೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಜನ ಮರೆಯುವಂಥದ್ದು: ಹೋಲಿಕೆಯ ನೆಲ. ಕಟಾವಿಗೆ ಮೊದಲು ಅಳೆದಿಟ್ಟುಕೊಂಡಿದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ, ಆ ಕಾಲ ಮೀರಿತು. ಈಗ ಕಡಿಯದೆ ಉಳಿದ ಅಂಚಿನ ಸಾಲೋ, ಪಕ್ಕದ ಕಡಿಯದ ತೋಪೋ ಹುಡುಕಿ. ಅದೇ ಮಸಾರಿ, ಅದೇ ಇಳಿಜಾರು, ಗರಸು ಅಷ್ಟೇ ಆಳದಲ್ಲಿರಬೇಕು. ರಸ್ತೆಯಾಚೆಯ ಎರೆ (ಕಪ್ಪು ಮಣ್ಣಿನ) ಹೊಲ ಹೋಲಿಕೆಗೆ ಬಾರದು. ಗುಡಿಯ ಸುತ್ತ ತಲೆಮಾರುಗಳಿಂದ ಯಾರೂ ಮುಟ್ಟದ ದೇವರ ಬನವೂ ಬಾರದು, ಅದರ ಮುಂದೆ ಯಾವ ನೆಡುತೋಪೂ ಸೋಲುತ್ತದೆ. ಹೋಲಿಕೆಯ ನೆಲದಲ್ಲಿ ಮೂರು ಜಾಗ, ಮೇಲೆ ಹೇಳಿದ ನಾಲ್ಕು ಬಗೆಯ ನೆಲದಲ್ಲಿ ತಲಾ ಮೂರು ಜಾಗ ಆರಿಸಿ, ಕಲ್ಲು ನೆಟ್ಟು ಬಣ್ಣ ಬಳಿಯಿರಿ. ಹದಿನೈದು ಕಲ್ಲು. ಮುಂದಿನ ಎಲ್ಲ ವರ್ಷಗಳಲ್ಲಿ ಅಳತೆ ಈ ಕಲ್ಲುಗಳ ಸುತ್ತ ಒಂದು ಮಾರಿನೊಳಗೇ ನಡೆಯಲಿ.

ಮೊದಲ ಅಳತೆಗೆ ಕಟ್ಟಡಕ್ಕೆ ಬಳಸುವ 10 ಅಥವಾ 12 ಮಿ.ಮೀ. ಕಬ್ಬಿಣದ ಸರಳು ಸಾಕು. ಒಂದು ತುದಿ ಚೂಪು ಮಾಡಿಸಿ, ಇನ್ನೊಂದಕ್ಕೆ ಅಡ್ಡ ಹಿಡಿಕೆ ಬೆಸೆಯಿಸಿ, ಐದು ಸೆಂಟಿಮೀಟರಿಗೊಂದು ಗೆರೆ ಕೊರೆಯಿಸಿ. ಮೈಭಾರ ಹಾಕಿ ಒತ್ತಿದರೆ ಎಷ್ಟು ಇಳಿಯುತ್ತದೆ ಎಂದು ಬರೆಯಬೇಕು. ಎರಡು ನಿಯಮ ಮುರಿಯಬಾರದು. ಒತ್ತುವವರು ಪ್ರತಿ ಸಲವೂ ಒಬ್ಬರೇ ಆಗಿರಬೇಕು. ಮತ್ತೆ, ಒಳ್ಳೆಯ ಮಳೆಯಾಗಿ ಎರಡು ದಿನ ಕಳೆದ ಮೇಲೆ ಮಾತ್ರ ಒತ್ತಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಮಸಾರಿ ಎಲ್ಲಿ ಚುಚ್ಚಿದರೂ ಕಲ್ಲೇ. ಆಗ ಅಳೆದು "ತೋಪೆಲ್ಲ ಗಟ್ಟಿಯಾಗಿದೆ" ಎಂದು ಬರೆದರೆ ಬಿಸಿಲನ್ನು ಅಳೆದಂತೆ, ಗಾಡಿಯ ಭಾರವನ್ನಲ್ಲ. ಸರಳು ಗರಸಿಗೆ ತಾಗಿದರೆ ಕಿರ್ರೆನ್ನುತ್ತದೆ, ಗಟ್ಟಿ ಮಣ್ಣಿಗೆ ತಾಗಿದರೆ ಸದ್ದಿಲ್ಲದೆ ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಸರಳು ಸುಳಿವು ಕೊಡುತ್ತದೆ, ಲೆಕ್ಕ ಕೊಡುವುದು ಸಾಂದ್ರತೆ. ಒಳ ವ್ಯಾಸ 10 ಸೆಂ.ಮೀ., ಎತ್ತರ 10 ಸೆಂ.ಮೀ. ಇರುವ ಕಬ್ಬಿಣದ ಪೈಪಿನ ತುಂಡೊಂದನ್ನು ಕತ್ತರಿಸಿ, ಒಂದು ಅಂಚನ್ನು ಹರಿತ ಮಾಡಿಸಿ. ಅದರ ಹೊಟ್ಟೆಯಲ್ಲಿ 785 ಘನ ಸೆಂ.ಮೀ. ಮಣ್ಣು ಹಿಡಿಯುತ್ತದೆ. ಮೇಲಿನ ಕಸ ಸರಿಸಿ, ಮರದ ಹಲಗೆ ಇಟ್ಟು ಸುತ್ತಿಗೆಯಿಂದ ನಿಧಾನವಾಗಿ ಇಳಿಸಿ, ಸುತ್ತ ಅಗೆದು ಅಲ್ಲಾಡದಂತೆ ತೆಗೆಯಿರಿ, ಎರಡೂ ಬದಿ ಚಾಕುವಿನಿಂದ ಸಮ ಮಾಡಿ. ಆ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು ಎನ್ನುತ್ತದೆ ವಿಧಾನ. ಒಲೆ ಇಲ್ಲದಿದ್ದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ವಾರವಿಡೀ ಸುಡುಬಿಸಿಲಿನಲ್ಲಿ ಒಣಗಿಸಿ. ಒಂದೆರಡು ಅಂಶ ತೇವ ಉಳಿಯುತ್ತದೆ, ಎಲ್ಲ ಮಾದರಿಯನ್ನೂ ಒಂದೇ ರೀತಿ ಒಣಗಿಸಿದರೆ ಹೋಲಿಕೆಗೆ ಅಡ್ಡಿಯಿಲ್ಲ. ರೊಟ್ಟಿ ಹಂಚಿನ ಮೇಲೆ ಹುರಿಯಲು ಹೋಗಬೇಡಿ. ಸಾವಯವ ಅಂಶ ಸುಟ್ಟು ಹೋಗುತ್ತದೆ ಎಂಬುದು ಒಂದು ಕಾರಣ, ಇನ್ನೊಂದು ಕಾರಣ ನಿಮ್ಮ ಮನೆಯವರು ಹೇಳುತ್ತಾರೆ.

ಗರಸಿನ ನೆಲದಲ್ಲಿ ಒಂದು ಮೋಸವಿದೆ. ಒಣಗಿದ ಮಣ್ಣು 1,300 ಗ್ರಾಂ ತೂಗಿತು ಎನ್ನಿ. ನೇರವಾಗಿ ಭಾಗಿಸಿದರೆ ಘನ ಸೆಂ.ಮೀ.ಗೆ 1.66 ಗ್ರಾಂ. ಅಬ್ಬಾ, ಬಲು ಗಟ್ಟಿ! ಆದರೆ ಅದನ್ನು 2 ಮಿ.ಮೀ. ಜರಡಿಯಲ್ಲಿ ಆಡಿಸಿ ನೋಡಿದರೆ ಅದರಲ್ಲಿ 300 ಗ್ರಾಂ ಹರಳೇ ಇದೆ. ಕಲ್ಲಿನ ಸಾಂದ್ರತೆ ಸುಮಾರು 2.65, ಅಂದರೆ ಆ ಹರಳು 113 ಘನ ಸೆಂ.ಮೀ. ಜಾಗ ಹಿಡಿದಿದೆ. ಉಳಿದ 1,000 ಗ್ರಾಂ ಮಣ್ಣನ್ನು ಉಳಿದ 672 ಘನ ಸೆಂ.ಮೀ.ಗೆ ಭಾಗಿಸಿ: 1.49. ಮಸಾರಿಗೆ ಇದು ಸಹಜವಾದದ್ದೇ. ಹರಳು ಕಳೆಯದೆ ಲೆಕ್ಕ ಹಾಕಿ "ಭೂಮಿ ಸತ್ತಿತು" ಎಂದು ಬರೆದ ವರದಿಗಳನ್ನು ನಾನು ಕಂಡಿದ್ದೇನೆ. ಮರಳು ಮಿಶ್ರಿತ ಮಣ್ಣಿನಲ್ಲಿ 1.8ರ ಆಸುಪಾಸಿಗೆ ಹೋದರೆ ಬೇರು ಇಳಿಯುವುದೇ ಕಷ್ಟ; ಎರೆಯಂಥ ಜಿಗುಟು ಮಣ್ಣಿನಲ್ಲಿ 1.5ರ ಹತ್ತಿರ ಬಂದಾಗಲೇ ಆ ಸ್ಥಿತಿ. ಒಂದೇ ಅಂಕಿ ಎರಡೂ ನೆಲಕ್ಕೆ ಹೊಂದುವುದಿಲ್ಲ.

ಎರೆಯ ಮಾತು ಬಂತು. ರಾಯಚೂರು, ಬಳ್ಳಾರಿ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ವರ್ಷ ವರ್ಷ ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಅದು. ಗಾಡಿಯ ಪೆಟ್ಟನ್ನು ಕೆಲವು ವರ್ಷಗಳಲ್ಲಿ ಬಹುಮಟ್ಟಿಗೆ ಜೀರ್ಣಿಸಿಕೊಳ್ಳುತ್ತದೆ. ನಿಮ್ಮ ಮಸಾರಿಯ ಜೇಡಿ ಬೇರೆ ಜಾತಿಯದು, ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಚಳಿದೇಶಗಳಂತೆ ಮಂಜುಗಡ್ಡೆ ಕಟ್ಟಿ ಸಡಿಲಾಗುವ ಭಾಗ್ಯವೂ ನಮಗಿಲ್ಲ. ಇಲ್ಲಿ ಗಟ್ಟಿಯಾದದ್ದನ್ನು ಬೇರು ಮತ್ತು ಗೆದ್ದಲುಗಳೇ ಬಿಡಿಸಬೇಕು. ಅದಕ್ಕೆ ದಶಕಗಳು ಬೇಕಾಗಬಹುದು. ಸಂಡೂರಿನ ಆ ತೋಪಿನಲ್ಲಿ ನನ್ನ ಸಲಿಕೆ ಇಳಿಯದ ಜಾಡು ಗಾಡಿ ನಿಂತು ಎಷ್ಟೋ ವರ್ಷಗಳಾದ ಮೇಲೂ ಬೈತಲೆ ತೆಗೆದಂತೆ ಬೋಳಾಗಿಯೇ ಇತ್ತು.

ಹಾಗೆಂದು ಜಾಡೆಲ್ಲ ಹಾಳಾಯಿತು ಎಂದು ಮೊದಲೇ ತೀರ್ಪು ಕೊಡಬೇಡಿ. ಅಮೆರಿಕ, ಕೆನಡಾಗಳಲ್ಲಿ 1990ರ ಹೊತ್ತಿಗೆ ಶುರುವಾಗಿ ನೂರಕ್ಕೂ ಹೆಚ್ಚು ಕಡೆ ನಡೆದ ಒಂದು ದೀರ್ಘ ಪ್ರಯೋಗವಿದೆ. ಬೇಕೆಂದೇ ಮಣ್ಣನ್ನು ಒತ್ತಿ, ಬೇಕೆಂದೇ ಸೊಪ್ಪು ಸದೆ ತೆಗೆದು, ಮರಗಳು ಹೇಗೆ ಬೆಳೆಯುತ್ತವೆ ಎಂದು ನೋಡಿದರು. ಜಿಗುಟು ಮಣ್ಣಿನಲ್ಲಿ ಒತ್ತಡ ಬೆಳವಣಿಗೆಯನ್ನು ಕುಗ್ಗಿಸಿತು. ತೀರಾ ಮರಳು ನೆಲದಲ್ಲಿ ಸ್ವಲ್ಪ ಒತ್ತಿದ್ದರಿಂದ ನೀರು ಹಿಡಿದಿಡುವ ಶಕ್ತಿ ಹೆಚ್ಚಿ ಗಿಡಗಳು ಇನ್ನೂ ಚೆನ್ನಾಗಿ ಬಂದ ಕಡೆಗಳೂ ಇವೆ. ಅಳೆಯದೆ ಹೇಳಲಾಗದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನೀವು ಕಣ್ಣಾರೆ ಕಂಡ ತೊಂದರೆ ನೀರಿನದು, ಆದ್ದರಿಂದ ಅದನ್ನು ನೇರವಾಗಿ ಅಳೆಯಿರಿ. ಬೋರ್‌ವೆಲ್ ಕೇಸಿಂಗ್ ಪೈಪಿನ ಒಂದು ಗೇಣು ತುಂಡು ಯಾರ ಹಿತ್ತಲಲ್ಲಾದರೂ ಸಿಗುತ್ತದೆ. ಒಳ ವ್ಯಾಸ 15 ಸೆಂ.ಮೀ. ಇದ್ದರೆ 440 ಮಿಲಿ ಲೀಟರ್ ನೀರು 25 ಮಿ.ಮೀ. ಮಳೆಗೆ ಸಮ, ವ್ಯಾಸ ಬೇರೆಯಾದರೆ ವೃತ್ತದ ವಿಸ್ತೀರ್ಣದ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಾಲ್ಕು ಬೆರಳು ಆಳಕ್ಕೆ ಇಳಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ಸುರಿದು ಹಾಳೆ ಎಳೆದುಬಿಡಿ, ಮಣ್ಣು ಕದಡುವುದಿಲ್ಲ. ಮೊದಲ ಸಲದ ನೀರು ನೆಲದ ಬಾಯಾರಿಕೆಗೆ ಹೋಯಿತು ಎಂದು ಬಿಟ್ಟುಬಿಡಿ. ಎರಡನೆಯ ಸಲ ಸುರಿದು ಮೊಬೈಲ್ ಗಡಿಯಾರದಲ್ಲಿ ಹೊತ್ತು ನೋಡಿ. ಕಡಿಯದ ನೆಲದಲ್ಲಿ ಇಪ್ಪತ್ತು ನಿಮಿಷಕ್ಕೆ ಇಂಗಿದ್ದು ಜಾಡಿನಲ್ಲಿ ಎರಡು ಗಂಟೆ ನಿಂತರೆ, ನಿಮ್ಮ ಹಳ್ಳ ಕೆಂಪಗೆ ಹರಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವರ್ಷಕ್ಕೆ ಅಬ್ಬಬ್ಬಾ ಎಂದರೆ 600 ಮಿ.ಮೀ. ಮಳೆ ಕಾಣುವ ಸೀಮೆ ನಮ್ಮದು. ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತದ ಹೊತ್ತಿನ ನಾಲ್ಕಾರು ಜೋರು ಮಳೆಗಳಲ್ಲಿ ಬಂದು ಹೋಗುತ್ತದೆ. ಅದು ಇಂಗದಿದ್ದರೆ ಚಿಗುರಿಗೆ ಉಳಿಯುವುದೇನು?

ನೀಲಗಿರಿ ತೋಪಿಗೆ ಮಾತ್ರ ಸೇರಿದ ಇನ್ನೊಂದು ಪರೀಕ್ಷೆ ಇದೆ, ಒಂದು ನಿಮಿಷದ್ದು. ಅದರ ಎಲೆಯ ಎಣ್ಣೆ, ಮೇಣದಿಂದ ಒಣ ಮಣ್ಣಿನ ಕಣಗಳು ನೀರನ್ನು ಒಲ್ಲೆ ಎನ್ನುವುದುಂಟು. ಒಣಗಿದ ಮೇಲ್ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಐದು ಸೆಕೆಂಡಿನೊಳಗೆ ಹೀರಿಕೊಂಡರೆ ಸರಿ. ಹನಿ ಮುತ್ತಿನಂತೆ ನಿಂತು ಒಂದು ನಿಮಿಷ ದಾಟಿದರೆ ನೀರು ಇಂಗದಿರಲು ಗಾಡಿಯೊಂದೇ ಕಾರಣವಲ್ಲ. ಬೆಂಕಿ ಹಾಕಿದ ಮೂಲೆಯಲ್ಲಿ ಬೂದಿಯ ಕೆಳಗಿನ ಒಂದೆರಡು ಬೆರಳು ಪದರವನ್ನೂ ಹೀಗೆ ನೋಡಿ, ಅಲ್ಲಿ ಇದು ಅಡಗಿರುತ್ತದೆ.

ಕೊಚ್ಚಣೆ ಅಳೆಯಲು ಪ್ರಕೃತಿಯೇ ನಿಮಗೆ ಸಾವಿರಾರು ಗೂಟ ನೆಟ್ಟುಕೊಟ್ಟಿದೆ: ನೀಲಗಿರಿ ಬೊಡ್ಡೆಗಳು. ಈಗ ಮಣ್ಣು ಎಲ್ಲಿಗಿದೆಯೋ ಅಲ್ಲಿ ಬೊಡ್ಡೆಗೆ ಬಣ್ಣದ ಗೆರೆ ಎಳೆಯಿರಿ, ನಲವತ್ತು ಬೊಡ್ಡೆ ಸಾಕು, ಇಳಿಜಾರಿನ ಮೇಲೂ ನಡುವೆಯೂ ಕೆಳಗೂ. ಮಳೆಗಾಲ ಮುಗಿದ ಮೇಲೆ ಗೆರೆಯಿಂದ ಮಣ್ಣು ಎಷ್ಟು ಇಳಿದಿದೆ ಎಂದು ಅಳೆಯಿರಿ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು ಹೋಯಿತೆಂದರೆ ಸುಮಾರು 6 ಟನ್, ಎರಡು ಟ್ರೇಲರ್ ಲೋಡು. ಸಹಿಸಬಹುದಾದ ಸವಕಳಿಯ ಮಿತಿಯೆಂದು ನಮ್ಮಲ್ಲಿ ಬಹುಕಾಲ ಬಳಸಿದ ಅಂಕಿ ಹೆಕ್ಟೇರಿಗೆ ವರ್ಷಕ್ಕೆ 11.2 ಟನ್, ಎಂದರೆ ಎಕರೆಗೆ ನಾಲ್ಕೂವರೆ ಟನ್. ಅದು ಒಂದು ಮಿಲಿಮೀಟರಿಗೂ ಕಡಿಮೆ. ಒಂದಡಿ ಮಣ್ಣಿನ ಕೆಳಗೆ ಗರಸು ಇರುವ ನಿಮ್ಮಂಥ ನೆಲಕ್ಕೆ ಅಷ್ಟು ಉದಾರತೆಯೂ ಸಲ್ಲದು. ಸ್ಕೇಲಿನಲ್ಲಿ ನಿಚ್ಚಳವಾಗಿ ಕಾಣುವಷ್ಟು ಇಳಿದಿದ್ದರೆ ಮಿತಿ ದಾಟಿದೆ ಎಂದೇ ತಿಳಿಯಿರಿ.

ಮಣ್ಣಿನ ಜೀವ ನೋಡಲು ಹಳೆಯ ಬಿಳಿ ಹತ್ತಿ ಪಂಚೆಯನ್ನು ಗೇಣುದ್ದ ಗೇಣಗಲದ ಚೌಕಗಳಾಗಿ ಹರಿದು, ತೂಗಿ, ಮಿರಗ (ಮೃಗಶಿರ) ಮಳೆ ಬಿದ್ದ ಮೇಲೆ ಪ್ರತಿ ಕಲ್ಲಿನ ಹತ್ತಿರ ನಾಲ್ಕು ಬೆರಳು ಆಳದಲ್ಲಿ ಹೂಳಿ. ಅರುವತ್ತು ದಿನಕ್ಕೆ ತೆಗೆದು ತೊಳೆದು ಒಣಗಿಸಿ ಮತ್ತೆ ತೂಗಿ. ಜೀವವಿರುವ ಮಣ್ಣಿನಲ್ಲಿ ಬಟ್ಟೆ ಜರಡಿಯಾಗಿರುತ್ತದೆ, ಜಾಡಿನಲ್ಲಿ ಹೂಳಿದ್ದು ಮಡಿಯಾಗಿಯೇ ಬಂದೀತು. ಎರೆಹುಳು ಎಣಿಸಲು ಹೋಗಬೇಡಿ. ನಮ್ಮ ಒಣ ಮಸಾರಿಯಲ್ಲಿ ಆ ಕೆಲಸ ಗೆದ್ದಲು, ಇರುವೆಗಳದು. ಜಾಡಿನ ಮೇಲೆ ಗೆದ್ದಲು ಮಣ್ಣಿನ ಹೊದಿಕೆ ಕಾಣಿಸಿಕೊಂಡ ದಿನ ನನಗೆ ತಿಳಿಸಿ, ಅದು ಶುಭ ಸುದ್ದಿ.

ಪ್ರಯೋಗಾಲಯದ ಸರದಿ ಈಗ. ನಾಲ್ಕು ಬಗೆಯ ನೆಲ ಮತ್ತು ಹೋಲಿಕೆಯ ನೆಲ, ಐದೂ ಬೇರೆ ಬೇರೆ, ಒಂದನ್ನೊಂದು ಬೆರೆಸಬಾರದು. ಪ್ರತಿಯೊಂದರಲ್ಲೂ 0–15 ಸೆಂ.ಮೀ. ಪದರಕ್ಕೆ ಒಂದು ಚೀಲ, 15–30ಕ್ಕೆ ಇನ್ನೊಂದು, ಒಟ್ಟು ಹತ್ತು. ಕೃಷಿ ವಿಜ್ಞಾನ ಕೇಂದ್ರದಲ್ಲಿ "ಇದು ತೋಪಿನ ಮಣ್ಣು" ಎಂದು ಹೇಳಿಯೇ ಕೊಡಿ. ಸಾವಯವ ಇಂಗಾಲ ಶೇ 0.5ರಿಂದ 0.75 ಎಂದರೆ ಮಧ್ಯಮ, ನಿಮ್ಮ 0.62 ಅದರ ನಡುವೆಯೇ ಇದೆ. ಅದು ಏರಿತೋ ಇಳಿಯಿತೋ ಎಂದು ಪ್ರತಿ ವರ್ಷ ನೋಡುವುದು ಹಣ ದಂಡ. 0.62 ಇದ್ದದ್ದು ಮರುವರ್ಷ 0.58 ಆದರೆ ಅದು ಮಣ್ಣಿನ ಬದಲಾವಣೆಗಿಂತ ಸಲಿಕೆಯ ಬದಲಾವಣೆ ಆಗಿರುವ ಸಂಭವವೇ ಹೆಚ್ಚು. ಮೂರು ವರ್ಷಕ್ಕೊಮ್ಮೆ ಸಾಕು. ಬೆಂಕಿ ಮೂಲೆಯಲ್ಲಿ ರಸಸಾರ ಏರಿರುತ್ತದೆ, ಪೊಟ್ಯಾಶ್ ಹೆಚ್ಚಿರುತ್ತದೆ. ಅದನ್ನು ನೋಡಿ "ಸುಟ್ಟದ್ದು ಒಳ್ಳೆಯದೇ ಆಯಿತು" ಎನ್ನುವವರು ಸಮಿತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಸೊಪ್ಪಿನ ಸಾರಜನಕ ಹೊಗೆಯಾಗಿ ಹೋಯಿತು, ಬೂದಿ ಮೊದಲ ಗಾಳಿಗೂ ಮೊದಲ ಮಳೆಗೂ ಹೋಗುತ್ತದೆ ಎಂದು ಅವರಿಗೆ ಹೇಳಿ.

ಈ ಸೊಪ್ಪು ಸದೆಯ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ನೀಲಗಿರಿ ಮಣ್ಣನ್ನು ತಿಂದು ಹಾಕುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೀರಿನ ಮಟ್ಟಿಗೆ ಮರದ ಮೇಲಿನ ದೂರು ಸುಳ್ಳಲ್ಲ. ಹೊಸಕೋಟೆಯ ಬಳಿ ನಡೆದ ಅಳತೆಗಳಲ್ಲಿ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಆಳದಿಂದ ಹೀರಿದ್ದು ದಾಖಲಾಗಿದೆ. ಪೋಷಕಾಂಶದ ಮಟ್ಟಿಗೆ ಮರಕ್ಕಿಂತ ನಮ್ಮ ತಪ್ಪು ದೊಡ್ಡದು. ದಿಮ್ಮಿಯೊಳಗಿನ ಕಟ್ಟಿಗೆಯಲ್ಲಿ ಸಾರ ಕಡಿಮೆ. ಸಾರಜನಕ ಎಲೆಯಲ್ಲಿದೆ, ಸುಣ್ಣದ ಅಂಶ ತೊಗಟೆಯಲ್ಲಿ ತುಂಬಿದೆ. ತೊಗಟೆಯನ್ನು ತೋಪಿನಲ್ಲೇ ಸುಲಿದು ಎಲೆಯೊಡನೆ ಅಲ್ಲೇ ಹರಡಿದರೆ ಭೂಮಿಯಿಂದ ಹೋಗುವುದು ಬಹುಪಾಲು ಗಾಳಿಯಿಂದ ಬಂದ ಇಂಗಾಲವೇ. ಕಾಂಗೋದ ಮರಳು ನೆಲದ ನೀಲಗಿರಿಯಲ್ಲಿ ಎಲ್ಲ ಸದೆಯನ್ನೂ ಗುಡಿಸಿ ತೆಗೆದ ತಾಕುಗಳಲ್ಲಿ ಮುಂದಿನ ಬೆಳೆ ಸ್ಪಷ್ಟವಾಗಿ ಕುಗ್ಗಿತು. ಕೇರಳದಲ್ಲೂ ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆ ಇದೇ ಸರಣಿಯ ಪ್ರಯೋಗ ನಡೆಸಿದೆ. ಊರಿನವರು ಉರುವಲಿಗೆ ಕೊಂಬೆ ಒಯ್ಯುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ, ಒಲೆ ಉರಿಯಬೇಕಲ್ಲ. ಎಲೆ, ತೊಗಟೆ ಬಿಟ್ಟು ಕೊಂಬೆ ಒಯ್ಯಲಿ.

ವೇಳಾಪಟ್ಟಿ ಹೀಗಿರಲಿ. ಸರಳು ಮತ್ತು ನೀರಿನ ಪೈಪು: ವರ್ಷಕ್ಕೊಮ್ಮೆ, ಹಸ್ತ ಮಳೆ ಮುಗಿಯುವ ಹೊತ್ತಿಗೆ, ಮೂರು ವರ್ಷ ಬಿಡದೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಸಾಂದ್ರತೆ: ಈ ವರ್ಷ, ಮೂರನೆಯ ವರ್ಷ, ಆರನೆಯ ವರ್ಷ. ಬೊಡ್ಡೆಯ ಗೆರೆ: ಪ್ರತಿ ಮಳೆಗಾಲದ ಕೊನೆಗೆ. ಜಾಡಿನ ಅಳತೆ ಹೋಲಿಕೆಯ ನೆಲದ ಅಳತೆಗೆ ವರ್ಷದಿಂದ ವರ್ಷಕ್ಕೆ ಹತ್ತಿರವಾಗುತ್ತಿದ್ದರೆ ಸುಧಾರಿಸುತ್ತಿದೆ. ಅಂತರ ಮೂರು ವರ್ಷವೂ ಹಾಗೆಯೇ ನಿಂತರೆ ತಾನಾಗಿ ಸುಧಾರಿಸುವುದಿಲ್ಲ. ಮಳೆ ಕಡಿಮೆಯಾದ ವರ್ಷ ಎರಡೂ ಒಟ್ಟಿಗೆ ಇಳಿಯುತ್ತವೆ, ಅದನ್ನು ಕಂಡು ಕಂಗಾಲಾಗಬೇಡಿ. ಹೋಲಿಕೆಯ ನೆಲ ಇಟ್ಟುಕೊಂಡದ್ದೇ ಅದಕ್ಕೆ.

ಆದರೆ ಅಳೆಯುತ್ತ ಕೂರುವ ಮೊದಲು ಒಂದು ಕೆಲಸ ಈ ಮಳೆಗೇ ಮಾಡಿ. ಇಳಿಜಾರಿನ ಗುಂಟ ಇರುವ ಜಾಡು ಈಗ ಕಾಲುವೆ. ಇನ್ನೆರಡು ಮಳೆಗಾಲ ಬಿಟ್ಟರೆ ಕೊರಕಲು. ಜಾಡಿಗೆ ಓರೆಯಾಗಿ ಕಲ್ಲು, ಮಣ್ಣು, ಕೊಂಬೆಗಳ ಮೊಣಕಾಲುದ್ದದ ಅಡ್ಡಬದು ಹಾಕಿ ನೀರನ್ನು ಪಕ್ಕದ ಮೆತ್ತನೆಯ ನೆಲಕ್ಕೆ ತಿರುಗಿಸಿ. ಇಳಿಜಾರು ಹೆಚ್ಚಿದ್ದಲ್ಲಿ ಇಪ್ಪತ್ತು ಹೆಜ್ಜೆಗೊಂದು. ಉಳಿದ ತೊಗಟೆ, ಎಲೆಯನ್ನೆಲ್ಲ ಜಾಡಿನ ಮೇಲೇ ಹರಡಿ. ಜೆಸಿಬಿ ತರಿಸಿ ಎಲ್ಲವನ್ನೂ ಬುಡಮೇಲು ಮಾಡೋಣ ಎಂಬ ಸಲಹೆ ಖಂಡಿತ ಬರುತ್ತದೆ, ಒಪ್ಪಬೇಡಿ; ಗರಸು ಮೇಲೆ ಬಂದು ಮೇಲ್ಮಣ್ಣು ಕೆಳಗೆ ಹೋಗುತ್ತದೆ, ಇನ್ನೊಂದು ಗಾಡಿಯ ಭಾರವೂ ಬೀಳುತ್ತದೆ. ಸರಳು ಅರ್ಧ ಅಡಿಯಲ್ಲೇ ನಿಂತು, ಗರಸು ಒಂದೂವರೆ ಅಡಿಗಿಂತ ಕೆಳಗಿದ್ದ ಜಾಡುಗಳಲ್ಲಿ ಮಾತ್ರ, ನೆಲ ಒಣಗಿದ್ದಾಗ, ಆಳದ ಒಂಟಿ ಕುಳದ ನೇಗಿಲನ್ನು ಇಳಿಜಾರಿಗೆ ಅಡ್ಡವಾಗಿ ಎಳೆಸಬಹುದು. ಹಸಿ ಇದ್ದಾಗ ಎಳೆದರೆ ಸೀಳುವ ಬದಲು ಮೆತ್ತುತ್ತದೆ. ಸೀಳಿದ ಕಡೆ ಸೆಣಬು, ತೊಗರಿ ಎರಚಿ. ಈ ಲೆಕ್ಕವನ್ನು ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದವರಿಗೂ ಒಮ್ಮೆ ತೋರಿಸಿ. 1954ರಿಂದ ಅವರು ನಮ್ಮ ಸೀಮೆಯ ಬದು, ಕಂದಕಗಳ ಕೆಲಸ ಮಾಡಿಕೊಂಡು ಬಂದಿದ್ದಾರೆ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಹಾಗಾಗಿ ಸತ್ತ ಬೊಡ್ಡೆಗಳ ಜಾಗಕ್ಕೆ ಹೊಂಗೆ, ಬೇವು, ಕಮರ ಯೋಚಿಸಿ. ಕಮರದ ತಾಯಿಬೇರು ಗರಸಿನ ಸಂದಿಯಲ್ಲೂ ದಾರಿ ಮಾಡಿಕೊಂಡು ಇಳಿಯುವ ಜಾತಿ. ಚಿಗುರಿದ ಬೊಡ್ಡೆಗಳು ಮತ್ತೆ ಕಟಾವಿಗೆ ಬರುವ ಹೊತ್ತಿಗೆ ಅರಣ್ಯ ಇಲಾಖೆಯವರೊಂದಿಗೆ ಕುಳಿತು ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿ: ಕಟಾವು ಜನವರಿಯಿಂದ ಮೇ ಒಳಗೆ, ಗಾಡಿ ಗುರುತು ಹಾಕಿದ ಒಂದೇ ದಾರಿಯಲ್ಲಿ, ತೊಗಟೆ ತೋಪಿನಲ್ಲೇ, ಬೆಂಕಿ ಇಲ್ಲ. ಮಣ್ಣು ಗಟ್ಟಿಯಾಗುವುದರಲ್ಲಿ ಬಹುಪಾಲು ಗಾಡಿಯ ಮೊದಲ ಕೆಲವು ಓಡಾಟಗಳಲ್ಲೇ ಆಗಿಹೋಗುತ್ತದೆ, ಅದೂ ಹಸಿ ನೆಲದಲ್ಲಿ ಹೆಚ್ಚು. ಹತ್ತು ದಾರಿಯಲ್ಲಿ ಐದೈದು ಸಲ ಓಡುವ ಗಾಡಿ ಹತ್ತನ್ನೂ ಕೆಡಿಸುತ್ತದೆ. ಒಂದೇ ದಾರಿಯಲ್ಲಿ ಐವತ್ತು ಸಲ ಓಡಿದರೆ ಕೆಡುವುದು ಒಂದೇ.

ಕುರಿಯ ಪ್ರಶ್ನೆ ಮರೆತಿಲ್ಲ. ಮಳೆಗಾಲದಲ್ಲಿ ಬೇಡ, ಮೊದಲ ಎರಡು ವರ್ಷವಂತೂ ಬೇಡವೇ ಬೇಡ. ಹಸಿ ಮಸಾರಿಯ ಮೇಲೆ ಗೊರಸಿನ ತುದಿಯ ಒತ್ತಡ ಸಣ್ಣದಲ್ಲ, ಚಿಗುರಿದ ಬೊಡ್ಡೆಗಳೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ, ನೆಲ ಕಾದು ಗಟ್ಟಿಯಾಗಿದ್ದಾಗ, ದಿಮ್ಮಿ ಪೇರಿಸಿದ ಬೋಳು ಜಾಗದಲ್ಲಿ ಮೂರು ನಾಲ್ಕು ರಾತ್ರಿ ಹಿಂಡು ನಿಲ್ಲಿಸಿಕೊಳ್ಳಲು ಹೇಳಿ. ಹಿಕ್ಕೆ ಅಲ್ಲೇ ಬೀಳಲಿ. ಹಗಲಿಗೆ ಬೇರೆ ಕಡೆ ಮೇಯಿಸಿಕೊಂಡು ಬರಲಿ. ಬಣ್ಣ ಬಳಿದ ಹದಿನೈದು ಕಲ್ಲುಗಳನ್ನು ಕುರಿಗಾರರಿಗೆ ಮೊದಲೇ ತೋರಿಸಿಡಿ. ಒಲೆ ಹೂಡಲು ಅವರು ಹುಡುಕುವುದು ಅಷ್ಟೇ ಗಾತ್ರದ ಕಲ್ಲುಗಳನ್ನು.